ಮನೆಗೊಂದು ಸಾಲು

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಅಲ್ಪವಿರಾಮ ಬಿಟ್ಟು ನೋಡಿ, ಅಥವಾ ತೆರೆದ ಆವರಣ ಮುಚ್ಚುವುದನ್ನು ಮರೆತು ನೋಡಿ. ಕೆಂಪು ಅಕ್ಷರದಲ್ಲಿ ಗದರಿಸಿ, ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂದು ಬೊಟ್ಟು ಮಾಡಿ ತೋರಿಸಿ, ನೀವು ಸರಿಪಡಿಸುವವರೆಗೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಅದೇ ಒಬ್ಬ ಹೆಂಗಸನ್ನು ಪಟ್ಟಿಯಿಂದ ಅಳಿಸಿ ನೋಡಿ. ತುಟಿಪಿಟಿಕ್ಕೆನ್ನದೆ ಕೆಲಸ ಮುಗಿಸಿ, ಇನ್ನೇನಾದರೂ ಇದೆಯಾ ಎಂಬಂತೆ ಕಾಯುತ್ತ ಕೂರುತ್ತದೆ. ನನ್ನ ಸಿಟ್ಟು ಶುರುವಾಗುವುದು ಅಲ್ಲಿಂದ. ಆದರೆ ಯಂತ್ರದ ಮೇಲೆ ಸಿಟ್ಟು ಮಾಡಿ ಏನು ಬಂತು? ಹೇಳಿಕೊಟ್ಟಿದ್ದನ್ನು ಅದು ಮಾಡಿತು. ಹೇಳಿಕೊಟ್ಟವಳು ನಾನು.

ಹೊಸನಗರದ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಮನೆ ಅರಳಸುರಳಿ ಹತ್ತಿರ. ದಿನಾ ಬಸ್ಸಿನಲ್ಲಿ ಓಡಾಟ. ಮೊದಲು ಬೇರೆ ಭಾಷೆ ಕಲಿಸುತ್ತಿದ್ದೆ. ಪಠ್ಯ ಬದಲಾಗಿ ಪೈಥಾನ್ ಬಂದಾಗ ಮಕ್ಕಳಿಗಿಂತ ನಾಲ್ಕು ಪುಟ ಮುಂದೆ ಓದಿಕೊಂಡು ಪಾಠ ಮಾಡಿದವಳು ನಾನು. ಕಲಿತ ಮೇಲೆ ಅದರ ಮೇಲೆ ಮೋಹವೇ ಹುಟ್ಟಿತು. ಹೊಸದಾಗಿ ಸೈಕಲ್ ಕಲಿತವರು ಅಂಗಡಿಗೂ ಸೈಕಲ್ಲಿನಲ್ಲೇ ಹೋಗುವ ಹಾಗೆ, ಎಲ್ಲವನ್ನೂ ಪೈಥಾನ್‌ನಲ್ಲೇ ಮಾಡಬೇಕು ಅನ್ನಿಸುತ್ತಿತ್ತು.

ನಮ್ಮ ಕಡೆ ರಕ್ತದಾನಿಗಳದ್ದೊಂದು ಸಣ್ಣ ಬಳಗ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರು ಸೇರಿ ಮಾಡಿಕೊಂಡದ್ದು. ಯಾರಿಗಾದರೂ ರಕ್ತ ಬೇಕಾದರೆ ಆ ಗುಂಪಿನ ರಕ್ತ ಯಾರದ್ದಿದೆ, ಹತ್ತಿರದಲ್ಲಿ ಯಾರಿದ್ದಾರೆ ಎಂದು ಹುಡುಕಿ ಫೋನು ಮಾಡುವುದು ಬಳಗದ ಕೆಲಸ. ಅದರ ಕಾರ್ಯದರ್ಶಿ ನಿವೃತ್ತ ಶಾಲಾ ಮೇಷ್ಟ್ರು ಒಬ್ಬರು. ಅವರ ಹತ್ತಿರ ಉದ್ದದ ಒಂದು ಪುಸ್ತಕ ಇತ್ತು. ಮನೆಗೊಂದು ಪುಟ. ಪುಟದ ಮೇಲೆ ಊರು ಮತ್ತು ಮನೆಯ ಹೆಸರು, ಕೆಳಗೆ ಆ ಮನೆಯಲ್ಲಿ ರಕ್ತ ಕೊಡುವವರ ಹೆಸರು, ಒಬ್ಬರ ಕೆಳಗೆ ಒಬ್ಬರು. ಫೋನು ಬಂದರೆ ಮೇಷ್ಟ್ರು ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಜೀವ ಕಾಯುತ್ತಿರುವಾಗ ಪುಟ ಮಗುಚುವುದೇ?

"ಮೇಷ್ಟ್ರೇ, ಈ ಪುಸ್ತಕ ಅಟ್ಟಕ್ಕೆ ಹಾಕಿ. ನಾನು ಕಂಪ್ಯೂಟರಲ್ಲಿ ಮಾಡಿಕೊಡ್ತೀನಿ. ರಕ್ತದ ಗುಂಪು ಟೈಪ್ ಹೊಡೆದ್ರೆ ಸಾಕು, ಕಣ್ಣು ಮಿಟುಕಿಸೋದ್ರೊಳಗೆ ಹೆಸ್ರು ಬರುತ್ತೆ" ಎಂದೆ.

ಮೇಷ್ಟ್ರು ಒಪ್ಪಿದರು. ಒಂದು ಮಾತು ಮಾತ್ರ ಹೇಳಿದರು. "ಮನೆ ಹೆಸ್ರಲ್ಲೇ ಇಡಿ ಮೇಡಂ. ನಮ್ಮಲ್ಲಿ ಬರೀ ಹೆಸ್ರು ಹೇಳಿದ್ರೆ ಯಾರಿಗ್ ಗೊತ್ತಾಗುತ್ತೆ? ಒಂದೇ ಹೆಸ್ರಿನವ್ರು ಊರಿಗೆ ನಾಲ್ಕು ಜನ ಇರ್ತಾರೆ. ಮನೆ ಹೇಳಿದ್ರೆ ಬಸ್ಸಿನ ಕಂಡಕ್ಟರೂ ದಾರಿ ತೋರಿಸ್ತಾನೆ."

ಅದು ಸುಳ್ಳಲ್ಲ. ನಮ್ಮ ಮೂರೂ ತಾಲ್ಲೂಕಿನಲ್ಲಿ ಮನುಷ್ಯನಿಗಿಂತ ಮನೆಗೆ ಹೆಸರು ಹೆಚ್ಚು. ಮೇಲಿನಮನೆಯವರು, ಕೆಳಗಿನಮನೆಯವರು ಎಂದೇ ಗುರುತು. ಮದುವೆಯಾಗಿ ಇಪ್ಪತ್ತು ವರ್ಷ ಕಳೆದರೂ ನನ್ನನ್ನು ನೆಂಟರು ಕರೆಯುವುದು ಮನೆಯ ಹೆಸರಿನಿಂದ. ಒಂದೇ ಮನೆ ಹೆಸರು ಬೇರೆ ಬೇರೆ ಊರುಗಳಲ್ಲಿ ಇರುವುದುಂಟು. ಆದ್ದರಿಂದ ಊರನ್ನೂ ಮನೆಯನ್ನೂ ಜೋಡಿಸಿ ಹುಡುಕುವ ಗುರುತು, ಅಂದರೆ ಕೀ, ಮಾಡಿದೆ. ಎಷ್ಟು ಜಾಣತನ ಅಂದುಕೊಂಡೆ ಆವತ್ತು.

ಪೈಥಾನ್‌ನಲ್ಲಿ ಡಿಕ್ಷನರಿ ಎಂದರೆ ಅರ್ಥ ಹೇಳುವ ನಿಘಂಟಲ್ಲ. ಒಂದು ಕೀ, ಅದರ ಎದುರಿಗೆ ಅದಕ್ಕೆ ಸೇರಿದ ವಿವರ. ಕೀ ಹೇಳಿದರೆ ವಿವರ ಕೈಗೆ ಬರುತ್ತದೆ. ನಾನು ಮಾಡಿದ್ದು ಡಿಕ್ಷನರಿಯೊಳಗೊಂದು ಡಿಕ್ಷನರಿ. ಹೊರಗಿನ ಕೀ ಮನೆ. ಒಳಗೆ ಹೆಸರು, ರಕ್ತದ ಗುಂಪು, ಫೋನು, ಕಳೆದ ಸಲ ರಕ್ತ ಕೊಟ್ಟ ದಿನ. ಇದನ್ನು ಇದ್ದಹಾಗೇ ಎತ್ತಿ ಕೋಷ್ಟಕ ಮಾಡಿಕೊಡುವ ಸಲಕರಣೆ ಪೈಥಾನ್‌ನಲ್ಲಿ ಇದೆ. ಮನೆಗೊಂದು ಸಾಲು, ವಿವರಕ್ಕೊಂದು ಕಾಲಂ. ಗುಂಪು ಇಂಥದ್ದಿರುವ ಸಾಲುಗಳನ್ನು ಮಾತ್ರ ಕೊಡು ಎಂದರೆ ಕೊಡುತ್ತದೆ. ಪರೀಕ್ಷೆಗೆಂದು ಮೊದಲ ಸಾಲಿಗೆ ನನ್ನದೇ ವಿವರ ಹೊಡೆದೆ. ಹುಡುಕಿದೆ, ಬಂತು. ಸ್ಟಾಫ್ ರೂಮಿನಲ್ಲಿದ್ದವರನ್ನೆಲ್ಲ ಕರೆದು ತೋರಿಸಿದೆ.

ಪಟ್ಟಿಗೆ ಹೊಸಬರನ್ನು ಸೇರಿಸಲು ಮೂರು ತಾಲ್ಲೂಕಿನಲ್ಲೂ ಒಂದೊಂದು ಶಿಬಿರ ಮಾಡಿದೆವು. ಬಂದವರು ಫಾರ್ಮು ತುಂಬುವುದು, ಗುಂಪು ಗೊತ್ತಿಲ್ಲದಿದ್ದರೆ ಅಲ್ಲೇ ನೋಡಿ ಹೇಳುವುದು. ಮೂರು ಕಡೆಯೂ ನಡೆದದ್ದು ಒಂದೇ ರೀತಿ. ಹೆಂಗಸರು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. ಮಧ್ಯಾಹ್ನದ ಅಡುಗೆಗೆ ವಾಪಸು ಹೋಗಬೇಕಲ್ಲ. ಗಂಡಸರು ಬಂದದ್ದು ಊಟ ಮುಗಿಸಿ, ಎಲೆಅಡಿಕೆಯ ಕವಳ ಹಾಕಿಕೊಂಡು, ಅದೂ ಹೆಂಡತಿ ಮನೆಗೆ ಹೋಗಿ ಹೇಳಿ ಕಳಿಸಿದ ಮೇಲೆ. ತೀರ್ಥಹಳ್ಳಿಯ ಶಿಬಿರದಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಬಂದ ನಮ್ಮ ಮನೆಯವರಿಂದಲೂ ಮೇಷ್ಟ್ರು ಬಿಡದೆ ಒಂದು ಫಾರ್ಮು ತುಂಬಿಸಿದರು. ಸೂಜಿ ಕಂಡರೆ ಬೆವರುವ ಮನುಷ್ಯ. ಲೈಸೆನ್ಸಿನಲ್ಲಿದ್ದ ಗುಂಪು ನೋಡಿ ಬರೆದು, ಚಹಾ ಕುಡಿದು ಹೊರಬಂದರು.

ಫಾರ್ಮುಗಳನ್ನು ಬಂದ ಕ್ರಮದಲ್ಲೇ ಕಟ್ಟು ಕಟ್ಟಿ ಇಟ್ಟುಕೊಂಡು, ಅದೇ ಕ್ರಮದಲ್ಲಿ ಎರಡು ವಾರ ಕೂತು ಹೊಡೆದೆ. ಒಂದು ಕಡೆಯೂ ಕೆಂಪು ಅಕ್ಷರ ಬರಲಿಲ್ಲ. ಇನ್ನು ಪುಸ್ತಕದಲ್ಲಿ ಏನೂ ಬರೆಯುವುದು ಬೇಡ ಎಂದು ಮೇಷ್ಟ್ರಿಗೆ ನಾನೇ ಹೇಳಿದೆ.

ಆಮೇಲೆ ಆ ದಿನ ಬಂತು. ಎರಡನೇ ಪೀರಿಯಡ್ಡು ಮುಗಿಸಿ ಬರುತ್ತಿದ್ದಾಗ ಮೇಷ್ಟ್ರ ಫೋನು. ಹೊಸನಗರದ ಹುಡುಗಿ, ಚೊಚ್ಚಲ ಹೆರಿಗೆ, ಸಾಗರದ ಆಸ್ಪತ್ರೆಯಲ್ಲಿದ್ದಾಳೆ. ಮಗು ಚೆನ್ನಾಗಿದೆ, ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಅವಳದ್ದು ಓ ನೆಗೆಟಿವ್. ಆ ಗುಂಪಿನವರ ರಕ್ತ ಬೇರೆಯವರಿಗೆಲ್ಲ ಆಗುತ್ತದೆ, ಆದರೆ ಅವರಿಗೆ ಅವರದ್ದೇ ಆಗಬೇಕು. ಇದ್ದ ಒಂದು ಬಾಟಲಿ ಹಾಕಿದ್ದಾರೆ, ಇನ್ನೂ ಬೇಕು.

ಲ್ಯಾಪ್‌ಟಾಪು ತೆರೆದೆ. ಗುಂಪು ಹೊಡೆದೆ. ಎರಡು ಸಾಲು ಬಂದವು, ಎರಡೂ ಗಂಡಸರದ್ದು. ಒಬ್ಬರು ಹದಿನೈದು ದಿನದ ಹಿಂದಷ್ಟೇ ರಕ್ತ ಕೊಟ್ಟಿದ್ದರು. ಇನ್ನೊಬ್ಬರಿಗೆ ಫೋನು ಮಾಡಿದರೆ ಅವರೇ ಕಾಮಾಲೆಯಾಗಿ ಮಲಗಿದ್ದರು.

"ಇನ್ಯಾರೂ ಇಲ್ವಾ ಮೇಡಂ? ಪುಸ್ತಕದಲ್ಲಂತೂ ಇಲ್ಲ, ಹೊಸಬ್ರಲ್ಲಿ ಸರಿಯಾಗಿ ನೋಡಿ" ಎಂದರು ಮೇಷ್ಟ್ರು.

"ಕಂಪ್ಯೂಟರ್ ಸರಿಯಾಗೇ ನೋಡುತ್ತೆ ಮೇಷ್ಟ್ರೇ. ಇಲ್ಲ ಅಂದ್ರೆ ಇಲ್ಲ" ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆ ಎಂದರೆ, ಆ ದನಿ ಈಗಲೂ ಕಿವಿಯಲ್ಲಿದೆ.

ಶಿವಮೊಗ್ಗದಲ್ಲೂ ಆ ಗುಂಪಿನದ್ದು ಮುಗಿದಿತ್ತಂತೆ. ಅದರಾಚೆ ಎಲ್ಲಿಂದಲೋ ತರಿಸಿದರು. ಬರುವಷ್ಟರಲ್ಲಿ ಸಂಜೆಯಾಗಿತ್ತು. ಹುಡುಗಿ ಬದುಕಿದಳು. ಗರ್ಭಕೋಶ ತೆಗೆಯಬೇಕಾಯಿತು. ಇಪ್ಪತ್ತೆರಡು ವರ್ಷದವಳು. ರಕ್ತ ಬೇಗ ಸಿಕ್ಕಿದ್ದರೆ ಉಳಿಯುತ್ತಿತ್ತಾ ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳೋಕಾಗಲ್ಲ ಎಂದರು. ಇಲ್ಲ ಎಂದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಮೂರನೇ ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಒಬ್ಬ ಹೆಂಗಸು. ಹೆಗ್ಗೋಡಿನ ಹತ್ತಿರದ ಒಂದು ಮನೆಯ ಹೆಸರು ಹೇಳಿ, ಆ ಮನೆಯವಳು ಎಂದಳು. ಹೊಲಿಗೆ ಕೆಲಸ ಮಾಡುತ್ತಾಳಂತೆ. ಡೈರಿಗೆ ಹಾಲು ಹಾಕಲು ಹೋದಾಗ ಹುಡುಗಿಯ ಸುದ್ದಿ ಕೇಳಿದಳಂತೆ.

"ನಂದೂ ಅದೇ ಗುಂಪು ಮೇಡಂ. ಅವತ್ತು ಇಡೀ ದಿನ ಮನೇಲೇ ಇದ್ದೆ. ಆಸ್ಪತ್ರೆಗೆ ಅರ್ಧ ಗಂಟೆ ದಾರಿಯೂ ಇಲ್ಲ. ಎಂತಕ್ಕೆ ನಂಗೆ ಫೋನ್ ಮಾಡ್ಲಿಲ್ಲ ನೀವು?"

ನನಗೆ ರೇಗಿತು. ಹೆಸರು ಕೊಡದೆ ಮನೆಯಲ್ಲಿ ಕೂತು ಈಗ ನನ್ನನ್ನು ಕೇಳುತ್ತಾಳಲ್ಲ ಎಂದು. "ನೀವು ಹೆಸ್ರು ಬರ್ಸಿದ್ರೆ ತಾನೇ ಫೋನ್ ಮಾಡೋದು?" ಎಂದೆ.

"ಬರ್ಸಿದ್ದೆ. ಸಾಗರದ ಶಿಬಿರದಲ್ಲಿ ಮೊದಲನೇ ಫಾರ್ಮು ನಂದೇ. ಪೆನ್ನು ತಂದಿರ್ಲಿಲ್ಲ, ನಿಮ್ಮ ಪೆನ್ನು ತಗೊಂಡು ಬರೆದೆ. ಮುಚ್ಚಳ ಬೀಳ್ಸಿದ್ದಕ್ಕೆ ನೀವು ಬೈದಿದ್ರಿ."

ಪೆನ್ನಿನ ಮುಚ್ಚಳ ನನಗೆ ನೆನಪಿತ್ತು. ಆದರೂ ಲ್ಯಾಪ್‌ಟಾಪು ತೆರೆದು ಆ ಮನೆಯ ಹೆಸರು ಹೊಡೆದೆ. ಬಂತು. ಅವಳ ಗಂಡನ ಹೆಸರು, ಗುಂಪು ಎ ಪಾಸಿಟಿವ್. "ನಿಮ್ಮನೆಯವರದ್ದು ಇದೆ, ನಿಮ್ದಿಲ್ಲ" ಎಂದು ಎರಡನೆಯ ಸಲವೂ ಹೇಳಿದೆ. ಆ ಕಡೆ ಅವಳು ಯಾರನ್ನೋ ಕೂಗಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು. "ಇಲ್ಲಿ ಕೇಳಿ, ನಿಂಗ್ಳ ಹೆಸ್ರು ಇದ್ದಡ. ಎನ್ನದು ಇಲ್ಲೆಡ."

ಅವರ ಹೆಸರು ಇದೆಯಂತೆ, ತನ್ನದು ಇಲ್ಲವಂತೆ ಎಂದು ಗಂಡನಿಗೆ ನಗುತ್ತ ಹೇಳಿದಳೋ, ಸಿಟ್ಟಿನಲ್ಲೋ ತಿಳಿಯಲಿಲ್ಲ. ಫೋನಿಟ್ಟು ಸಾಗರದ ಕಟ್ಟು ಬಿಚ್ಚಿದೆ. ಮೊದಲನೆಯ ಫಾರ್ಮು ಅವಳದ್ದೇ. ಓ ನೆಗೆಟಿವ್ ಎಂದು ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದಳು. ಅದರ ಮೂಲೆಯಲ್ಲಿ ನನ್ನದೇ ಕೈಯ ಗುರುತು, ಹೊಡೆದಾಯಿತು ಎಂದು. ಕಟ್ಟಿನ ತೀರ ಕೆಳಗೆ ಅವಳ ಗಂಡನ ಫಾರ್ಮು. ಅದಕ್ಕೂ ಗುರುತು.

ಆಗ ತಿಳಿಯಿತು. ಡಿಕ್ಷನರಿಯಲ್ಲಿ ಒಂದು ಕೀಗೆ ಒಂದೇ ವಿವರ. ಗೂಟ ಒಂದು, ಚೀಲವೂ ಒಂದೇ. ಎರಡನೆಯದನ್ನು ತಂದು ನೇತುಹಾಕಿದರೆ ಮೊದಲನೆಯದು ಬಿದ್ದುಹೋಗುತ್ತದೆ, ಬಿದ್ದ ಸದ್ದೂ ಆಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಸಾಲಿನಲ್ಲಿ ನಿಂತವಳ ಮೇಲೆ ಮಧ್ಯಾಹ್ನ ಮೂರಕ್ಕೆ ಬಂದವನ ಹೆಸರು ಕೂತಿತ್ತು. ಒಬ್ಬಳದ್ದಲ್ಲ, ಕಟ್ಟು ಬಿಚ್ಚುತ್ತ ಹೋದಂತೆ ಮನೆ ಮನೆಯದ್ದೂ ಇದೇ. ಅತ್ತೆಯ ಮೇಲೆ ಮಗ, ಅಕ್ಕನ ಮೇಲೆ ತಮ್ಮ, ಹೆಂಡತಿಯ ಮೇಲೆ ಗಂಡ. ಫಾರ್ಮು ಮೂರು ಕಟ್ಟು ತುಂಬ ಇದ್ದವು. ಕೋಷ್ಟಕದಲ್ಲಿದ್ದ ಸಾಲು ಎರಡು ಕಟ್ಟಿನಷ್ಟೂ ಇರಲಿಲ್ಲ. ಎರಡನ್ನೂ ಎಣಿಸಿ ತಾಳೆ ನೋಡಬೇಕು ಎಂದು ನನಗೆ ಒಂದು ಸಲವೂ ಹೊಳೆಯಲಿಲ್ಲ.

ಹೊಟ್ಟೆ ಉರಿಯುವುದು ಇದಕ್ಕೆ. ಒಂದೇ ಕೀಗೆ ಎರಡು ಸಲ ವಿವರ ಕೊಟ್ಟರೆ ಏನಾಗುತ್ತದೆ? ಇದು ನಾನು ಪ್ರತಿವರ್ಷ ಟೆಸ್ಟಿನಲ್ಲಿ ಕೇಳುವ ಎರಡು ಅಂಕದ ಪ್ರಶ್ನೆ. ಹಳೆಯದು ಹೋಗಿ ಹೊಸದು ಉಳಿಯುತ್ತದೆ ಎಂದು ಬರೆದ ಮಕ್ಕಳಿಗೆಲ್ಲ ಎರಡಕ್ಕೆ ಎರಡು ಕೊಟ್ಟಿದ್ದೇನೆ. ಪಟ್ಟಿ ಹೊಡೆದ ಅದೇ ತಿಂಗಳು, ಫಾರ್ಮಿಗೆ ಗುರುತು ಹಾಕಿದ ಅದೇ ಕೆಂಪು ಪೆನ್ನಿನಲ್ಲಿ. ನಾನು ಅಟ್ಟಕ್ಕೆ ಹಾಕಿ ಎಂದಿದ್ದ ಆ ಉದ್ದದ ಪುಸ್ತಕ ಇಷ್ಟು ವರ್ಷದಲ್ಲಿ ಒಬ್ಬರನ್ನೂ ಅಳಿಸಿರಲಿಲ್ಲ. ಅದರಲ್ಲಿಯೂ ಮನೆಗೊಂದೇ ಪುಟ. ಆದರೆ ಕೆಳಗೆ ಜಾಗ ಇತ್ತು, ಬರೆಯುವವರು ಮೇಲಿನ ಹೆಸರನ್ನು ಕಣ್ಣಾರೆ ನೋಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ನನ್ನ ಕೆಲಸ.

ಮೇಷ್ಟ್ರಿಗೆ ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ಮನೆ ಯಜಮಾನ್ರ ನಂಬರ್ ಇದ್ಯಲ್ಲ. ಅವ್ರಿಗೆ ಮಾಡಿದ್ರೆ ಮನೇಲಿ ಯಾರ್ ಯಾರ್ದು ಯಾವ ಗುಂಪು ಅಂತ ಹೇಳ್ತಾರೆ" ಎಂದರು.

"ಎ ಪಾಸಿಟಿವ್ ಅಂತ ಇರೋ ಮನೆಗೆ ಓ ನೆಗೆಟಿವ್ ಕೇಳ್ಕೊಂಡು ಯಾರು ಫೋನ್ ಮಾಡ್ತಾರೆ ಮೇಷ್ಟ್ರೇ?" ಎಂದೆ. ಅವರು ಕೆಟ್ಟವರಲ್ಲ. ನಲವತ್ತು ವರ್ಷ ಹಾಜರಿ ಕರೆದವರು, ತಂದೆಯ ಹೆಸರು ಬರೆದು ಬರೆದು ಕೈಗೆ ಅದೇ ಅಭ್ಯಾಸ. ಆದರೆ ಒಳ್ಳೆಯವರು ಮಾಡಿದರೂ ಅಳಿಸಿದ್ದು ಅಳಿಸಿದ್ದೇ.

ಆ ಭಾನುವಾರ ಹೆಗ್ಗೋಡಿನ ಕಡೆಗೆ ಹೋದೆ, ಕ್ಷಮೆ ಕೇಳಲು. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಅವಳ ಗಂಡ ಬೆಲ್ಲ, ನೀರು ತಂದಿಟ್ಟು, ತಪ್ಪು ತನ್ನದೇ ಎಂಬಂತೆ ಕಂಬಕ್ಕೆ ಒರಗಿ ನಿಂತ. ಹೇಗಾಯಿತು ಎಂದು ವಿವರಿಸಿದೆ. ಕೀ, ವಿವರ, ಮೇಲೆ ಬರೆಯುವುದು, ಎಲ್ಲ. ಪಾಠ ಮಾಡುವ ಚಾಳಿ ಎಲ್ಲಿ ಹೋಗುತ್ತದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ, "ಮದ್ವೆಗೆ ಮುಂಚಿಂದ ರಕ್ತ ಕೊಡ್ತಿದ್ದೀನಿ ಮೇಡಂ" ಎಂದಳು. "ನನ್ನ ಗುಂಪು ಸಿಗೋದು ಕಷ್ಟ ಅಂತ ಎಲ್ಲಿ ಹೋದ್ರೂ ಹೇಳ್ತಾರೆ. ಇದೊಂದ್ರಲ್ಲಾದ್ರೂ ನಾನೇ ಬೇಕು ಅಂತ ಒಂದು ಖುಷಿ ಇತ್ತು." ಇಷ್ಟು ಹೇಳಿ ಸೂಜಿಗೆ ದಾರ ಪೋಣಿಸಲು ತಲೆ ತಗ್ಗಿಸಿದಳು. ಕ್ಷಮೆ ಕೇಳಲಾಗದೆ ನಾನು ಹೊರಡಲು ಎದ್ದೆ. ಆಗ ಅವಳು ಒಂದು ಕೇಳಿದಳು: "ಆ ಹುಡುಗಿಗೆ ಗೊತ್ತಾ, ನಾನು ಇಲ್ಲೇ ಇದ್ದೆ ಅಂತ?" ಇಲ್ಲ ಎಂದೆ. "ಹೇಳ್ಬೇಡಿ ಹಂಗಾದ್ರೆ" ಎಂದಳು.

ಪಟ್ಟಿಯನ್ನು ಮೊದಲಿನಿಂದ ಮಾಡಬೇಕಿತ್ತು. ಹೊಡೆಯುವುದು ದೊಡ್ಡದಲ್ಲ, ಆದರೆ ಹೆಂಗಸರ ಫಾರ್ಮುಗಳಲ್ಲಿ ಬಹಳಷ್ಟರಲ್ಲಿ ಇದ್ದದ್ದು ಗಂಡನ ನಂಬರು. ಅವರವರದ್ದೇ ನಂಬರು ತರಲು ಮನೆ ಮನೆಗೆ ಮತ್ತೆ ಹೋಗಬೇಕು, ಅದಕ್ಕೆ ಬಳಗದ ಒಪ್ಪಿಗೆ ಬೇಕು. ಹೊಸನಗರದ ಒಂದು ಶಾಲೆಯ ಕೊಠಡಿಯಲ್ಲಿ ಸಭೆ ಸೇರಿತು. ಎಂಟು ಮಂದಿ ಗಂಡಸರು, ನಾನೊಬ್ಬಳು. ನಡೆದದ್ದನ್ನು ಹೇಳಿದೆ. ಹುಡುಗಿಯ ವಿಷಯಕ್ಕೆ ಎಲ್ಲರೂ ನೊಂದುಕೊಂಡರು, ನಿಜವಾಗಿಯೂ ನೊಂದುಕೊಂಡರು. ಆಮೇಲೆ ಒಬ್ಬರು, "ಏನೋ ಸಣ್ಣ ತಾಂತ್ರಿಕ ದೋಷ. ಅದಕ್ಕೆ ಇಡೀ ಪಟ್ಟಿ ಯಾಕೆ ಕೆಡಿಸೋದು?" ಎಂದರು.

ಸಣ್ಣದಂತೆ. ನನಗೆ ಸಿಟ್ಟು ನೆತ್ತಿಗೇರಿತು. ಲ್ಯಾಪ್‌ಟಾಪು ಮೇಜಿನ ಮಧ್ಯಕ್ಕೆ ತಳ್ಳಿ, "ನಿಮ್ಮ ನಿಮ್ಮ ಮನೆ ಹೆಸ್ರು ಹೊಡೆದು ನೋಡಿ" ಎಂದೆ. ನೋಡಿದರೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಒಬ್ಬೊಬ್ಬರಾಗಿ ಬಂದು ಹೊಡೆದರು. ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ. ಪ್ರತಿಯೊಬ್ಬರಿಗೂ ಅವರವರ ಹೆಸರು ಬಂತು. ಗುಂಪು ಸರಿ ಇತ್ತು, ಫೋನು ಸರಿ ಇತ್ತು. ಒಬ್ಬರು ತಮ್ಮ ಹೆಸರನ್ನು ಪರದೆಯ ಮೇಲೆ ನೋಡಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಅವರ ಹೆಂಡತಿಯ ಫಾರ್ಮು ಆ ಹೊತ್ತಿಗೆ ನನ್ನ ಚೀಲದಲ್ಲಿತ್ತು. ಎಂಟು ಮನೆ, ಎಂಟು ಸಲವೂ ಸರಿ ಉತ್ತರ.

"ಸರಿಯಾಗೇ ಇದೆಯಲ್ಲ ಮೇಡಂ" ಎಂದರು ಎಲ್ಲರೂ. ಅಣಕವಲ್ಲ, ನನಗೆ ಸಮಾಧಾನ ಹೇಳುವ ದನಿಯಲ್ಲಿ. ಸರಿ ಇದೆ ಎಂದು ಹೇಳುವವರು ಯಾವಾಗಲೂ ಹುಡುಕಿದರೆ ಸಿಗುವವರೇ. ಸಿಗದವರು ಆ ಕೋಣೆಯಲ್ಲಿ ಇರಲೇ ಇಲ್ಲ.

"ನಿಮ್ಮನೇದೂ ನೋಡಿ ಮೇಡಂ" ಎಂದರು ಮೇಷ್ಟ್ರು.

ಇಷ್ಟು ದಿನ ಊರವರ ಫಾರ್ಮು ಬಿಚ್ಚಿ ಬಿಚ್ಚಿ ಕೂಗಾಡಿದ ನನಗೆ ನನ್ನ ಮನೆ ನೋಡುವುದು ಹೊಳೆದಿರಲಿಲ್ಲ. ಲ್ಯಾಪ್‌ಟಾಪು ಎಳೆದುಕೊಂಡು ಊರು ಹೊಡೆದೆ, ಮನೆ ಹೊಡೆದೆ. ಬಂತು. ಒಂದೇ ಸಾಲು. ನನ್ನ ಗಂಡನ ಹೆಸರು, ಲೈಸೆನ್ಸಿನಿಂದ ನೋಡಿ ಬರೆದ ಗುಂಪು, ಅವರ ಫೋನು. ಕಳೆದ ಸಲ ರಕ್ತ ಕೊಟ್ಟ ದಿನದ ಕಾಲಂ ಖಾಲಿ.

ಮೇಷ್ಟ್ರು ಬಗ್ಗಿ ನೋಡಿ, "ನಿಮ್ದೂ ಸರಿಯಾಗೇ ಬಂತಲ್ಲ" ಎಂದರು.

"ಮೇಷ್ಟ್ರೇ, ಈ ಪಟ್ಟಿಗೆ ಮೊಟ್ಟಮೊದಲು ಹೊಡೆದ ಹೆಸ್ರು ನಂದು" ಎಂದೆ.

ನನ್ನ ಮೇಲೆ ಗಂಡನ ಹೆಸರು ಹೊಡೆದದ್ದು ನನ್ನದೇ ಹತ್ತು ಬೆರಳು. ಮೇಷ್ಟ್ರು ಕೈಚೀಲದಿಂದ ಆ ಉದ್ದದ ಪುಸ್ತಕ ತೆಗೆದು, ನಮ್ಮ ಊರಿನ ಪುಟ ತೆರೆದು, ನನ್ನ ಮುಂದೆ ಇಟ್ಟರು. ನಮ್ಮ ಮನೆಯ ಹೆಸರಿನ ಕೆಳಗೆ ಮಾವನ ಹೆಸರು, ಅದರ ಕೆಳಗೆ ನನ್ನದು ಇತ್ತು.

ಬಳಗ ಒಪ್ಪಿತು. ಹೊಸ ಪಟ್ಟಿಯಲ್ಲಿ ಈಗ ಕೀ ಮನೆಯಲ್ಲ, ಫಾರ್ಮಿನ ಸಂಖ್ಯೆ. ಮನೆಯ ಹೆಸರು ಒಳಗಿನ ಒಂದು ಕಾಲಂ, ಅಷ್ಟೆ. ಇದ್ದ ಕೀಯ ಮೇಲೆ ಇನ್ನೊಬ್ಬರನ್ನು ಬರೆಯಲು ಹೋದರೆ ಅಲ್ಲೇ ನಿಲ್ಲಿಸಿ ಕೆಂಪು ಅಕ್ಷರದಲ್ಲಿ ಬೈಯಬೇಕು ಎಂದು ಎರಡು ಸಾಲು ಸೇರಿಸಿದ್ದೇನೆ. ಪರೀಕ್ಷೆಗೆ ಈ ಸಲ ನನ್ನ ಹೆಸರು ಹೊಡೆಯಲಿಲ್ಲ. ಹೆಗ್ಗೋಡಿನ ಕಡೆಯ ಆ ಫಾರ್ಮನ್ನು ಮೊದಲನೆಯ ಸಾಲಿಗೆ ಹಾಕಿ, ಓ ನೆಗೆಟಿವ್ ಎಂದು ಹುಡುಕಿದೆ. ಅವಳ ಹೆಸರು ಬಂತು, ಒಂದು ತಿಂಗಳು ತಡವಾಗಿ.